ತಲೆಯ ನೆರಳಿನಿಂದ ಎರಡು ಗೇಣು

ಕಾಮನಬಿಲ್ಲನ್ನು ವಿವರಿಸುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಮಳೆಹನಿಯೂ, ಅದರೊಳಗೆ ಹೊಕ್ಕು ಬಾಗಿ, ಹಿಂಬದಿಯಲ್ಲಿ ಪ್ರತಿಫಲಿಸಿ, ಮತ್ತೆ ಬಾಗಿ ಹೊರಬರುವ ಒಂದೇ ಒಂದು ಕಿರಣವೂ ಇರುತ್ತವೆ. ನಾನೂ ಎಷ್ಟೋ ವರ್ಷ ತರಗತಿಯ ಹಲಗೆಯ ಮೇಲೆ ಇದನ್ನೇ ಬರೆದು ಪಾಠ ಮಾಡಿದ್ದೇನೆ. ಚಿತ್ರ ತಪ್ಪಲ್ಲ, ಆದರೆ ಹನಿಯ ಮೇಲೆ ಬೀಳುವ ಅಸಂಖ್ಯ ಕಿರಣಗಳಲ್ಲಿ ಈ ಒಂದನ್ನೇ ಏಕೆ ಆರಿಸಿಕೊಂಡೆವು, ಬಣ್ಣವು ಆಕಾಶದ ತುಂಬ ಹರಡದೆ ಒಂದು ಕಮಾನಿನಲ್ಲಿ ಮಾತ್ರ ಏಕೆ ನಿಲ್ಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಕಾಮನಬಿಲ್ಲಿನ ನಿಜವಾದ ಸೊಗಸು ಇರುವುದು ಆ ಉತ್ತರದಲ್ಲಿ.

ಹನಿಯ ನಟ್ಟನಡುವೆ ಬಿದ್ದ ಕಿರಣ ಹಿಂಬದಿಗೆ ತಾಗಿ, ಬಂದ ದಾರಿಯಲ್ಲೇ ಮರಳುತ್ತದೆ. ಬೀಳುವ ಜಾಗ ನಡುವಿನಿಂದ ಅಂಚಿನತ್ತ ಸರಿದಂತೆ, ಹೊರಬರುವ ಕಿರಣವು ಬಂದ ದಿಕ್ಕಿನೊಂದಿಗೆ ಮಾಡುವ ಕೋನ ಹಿಗ್ಗುತ್ತಾ ಹೋಗುತ್ತದೆ. ಆದರೆ ಅದು ಕೊನೆಯವರೆಗೂ ಹಿಗ್ಗುವುದಿಲ್ಲ. ತ್ರಿಜ್ಯದ ಸುಮಾರು ಶೇ. 86ರಷ್ಟು ದೂರದಲ್ಲಿ 42 ಡಿಗ್ರಿಯನ್ನು ಮುಟ್ಟಿ, ಅಲ್ಲಿಂದ ಮುಂದೆ ಕುಗ್ಗತೊಡಗಿ, ತೀರ ಅಂಚಿನಲ್ಲಿ ಸುಮಾರು 14 ಡಿಗ್ರಿಗೆ ಇಳಿಯುತ್ತದೆ. ಏರಿಕೆಯು ಇಳಿಕೆಯಾಗಿ ತಿರುಗುವ ಆ ತಾಣದ ಆಸುಪಾಸಿನಲ್ಲಿ ಕೋನ ಹೆಚ್ಚುಕಡಿಮೆ ಬದಲಾಗದ ಕಾರಣ, ಅಲ್ಲಿ ಬಿದ್ದ ಕಿರಣಗಳೆಲ್ಲ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಹೊರಬೀಳುತ್ತವೆ. ಈ ದಟ್ಟಣೆಯೇ ಕಾಮನಬಿಲ್ಲು. ಫ್ರೆಂಚ್ ತತ್ವಜ್ಞಾನಿ, ಗಣಿತಜ್ಞ ದೆಕಾರ್ತ್ ಒಂದೊಂದೇ ಕಿರಣದ ದಾರಿಯನ್ನು ಲೆಕ್ಕಹಾಕಿ ಇದನ್ನು ಕಂಡುಕೊಂಡು 1637ರಲ್ಲಿ ಪ್ರಕಟಿಸಿದರು. ಗ್ರಾಫ್ ಹಾಳೆಯಲ್ಲಿ ಹತ್ತು ಹನ್ನೆರಡು ಕಿರಣಗಳನ್ನು ಎಳೆದು ನೋಡಿದರೆ ನಮಗೂ ಅದು ಕಾಣುತ್ತದೆ. ಕೆಂಪಿಗೆ ಈ ಮಿತಿ 42 ಡಿಗ್ರಿಗಿಂತ ತುಸು ಹೆಚ್ಚು, ನೇರಳೆಗೆ ಸುಮಾರು 40.5 ಡಿಗ್ರಿ, ಕೆಂಪು ಹೊರಗೂ ನೇರಳೆ ಒಳಗೂ ಇರುವುದು ಅದಕ್ಕಾಗಿಯೇ. ಬಿಲ್ಲಿನ ಒಳಗಿನ ಆಕಾಶವು ಹೊರಗಿನದಕ್ಕಿಂತ ಬೆಳ್ಳಗೆ ಕಾಣುವುದನ್ನು ಗಮನಿಸಿರಬಹುದು. ಮಿತಿಗಿಂತ ಚಿಕ್ಕ ಕೋನಗಳಲ್ಲಿ ಎಲ್ಲ ಬಣ್ಣಗಳೂ ಬೆರೆತು ಬರುತ್ತವೆ; ಮಿತಿಯಾಚೆಗೆ, ಒಮ್ಮೆ ಪ್ರತಿಫಲಿಸಿದ ಬೆಳಕು ಬರುವುದೇ ಇಲ್ಲ.

ಒಂದು ತಪ್ಪನ್ನು ಇಲ್ಲಿ ತಿದ್ದಲೇಬೇಕು. ಹನಿಯೊಳಗೆ ಪೂರ್ಣ ಆಂತರಿಕ ಪ್ರತಿಫಲನ, ಅಂದರೆ ಬೆಳಕು ಚೂರೂ ಹೊರಹೋಗದೆ ಪೂರ್ತಿ ಒಳಕ್ಕೇ ಮರಳುವುದು, ನಡೆಯುತ್ತದೆ ಎಂದು ಹಲವು ಕಡೆ ಓದುತ್ತೇವೆ. ನೀರಿನಲ್ಲಿ ಅದಕ್ಕೆ, ಮೇಲ್ಮೈಗೆ ಲಂಬವಾದ ಗೆರೆಯಿಂದ ಅಳೆದರೆ, 48.6 ಡಿಗ್ರಿಗಿಂತ ಹೆಚ್ಚಿನ ಕೋನ ಬೇಕು. ಬಿಲ್ಲನ್ನು ಕಟ್ಟುವ ಕಿರಣ ಹಿಂಬದಿಯನ್ನು ತಾಗುವುದು ಸುಮಾರು 40 ಡಿಗ್ರಿಯಲ್ಲಿ. ಹೀಗಾಗಿ ಬೆಳಕಿನ ಬಹುಪಾಲು ಹಿಂದಿನಿಂದಲೇ ಹೊರಟುಹೋಗುತ್ತದೆ. ನಾವು ನೋಡಿ ಬೆರಗಾಗುವುದು ಒಳಗುಳಿದ ಸಣ್ಣ ಪಾಲನ್ನು.

ಕೋನ ತಿಳಿದರೆ ಬಿಲ್ಲನ್ನು ಹುಡುಕುವುದು ಸುಲಭ. ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ನಿಮ್ಮ ತಲೆಯ ನೆರಳು ಬೀಳುವ ದಿಕ್ಕೇ ಬಿಲ್ಲಿನ ಕೇಂದ್ರ. ಕೈಯನ್ನು ನೀಳವಾಗಿ ಚಾಚಿ ಬೆರಳಗಲಿಸಿದರೆ ಒಂದು ಗೇಣು ಕಣ್ಣಿಗೆ ಸುಮಾರು 20 ಡಿಗ್ರಿ. ನೆರಳಿನಿಂದ ಎರಡು ಗೇಣಿಗೆ ತುಸು ಆಚೆ ನೋಡಬೇಕು. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲಿನ ನೆತ್ತಿಯೂ ದಿಗಂತದ ಕೆಳಗಿರುತ್ತದೆ, ಆದ್ದರಿಂದ ನಮ್ಮ ನಡುಹಗಲಿನ ಮಳೆಯಲ್ಲಿ ಆಕಾಶದಲ್ಲಿ ಬಿಲ್ಲಿಲ್ಲ. ಆಗಲೂ ತೋಟದ ಪೈಪಿನ ಬಾಯಿಗೆ ಹೆಬ್ಬೆರಳೊತ್ತಿ ನೀರನ್ನು ತುಂತುರಾಗಿಸಿ, ನೆಲದ ಕಡೆಗೆ ಬಾಗಿ ನೋಡಿ: ತಲೆಯ ನೆರಳಿನ ಸುತ್ತ, ಅದೇ ಎರಡು ಗೇಣಿನ ದೂರದಲ್ಲಿ, ಅದು ಮೂಡುತ್ತದೆ.