ಶುಕ್ರವಾರ ಬಂದ ಸಿನಿಮಾ ಸೋಮವಾರ ಇರುತ್ತಾ?

ಗುರುವಾರ ಸಂಜೆ ಆಗುತ್ತಿದ್ದ ಹಾಗೆ ಸ್ನೇಹಿತರು ಕೇಳಲು ಶುರು ಮಾಡುತ್ತಾರೆ, ಈ ವಾರ ಯಾವುದು ಚೆನ್ನಾಗಿದೆ ಮಾರಾಯ ಅಂತ. ಸಿನಿಮಾ ಇನ್ನೂ ಬಂದಿರುವುದಿಲ್ಲ. ಟ್ರೇಲರ್ ಬಂದಿರುತ್ತದೆ, ಎರಡು ಹಾಡು ಬಂದಿರುತ್ತವೆ, ನಾಯಕ ನಾಲ್ಕು ಕಡೆ ಸಂದರ್ಶನ ಕೊಟ್ಟಿರುತ್ತಾನೆ, ಅಷ್ಟಕ್ಕೇ ಅರ್ಧ ಊರು ತೀರ್ಪು ಕೊಟ್ಟು ಮುಗಿಸಿರುತ್ತದೆ. ನಾನು ಹೇಳುವುದು ಒಂದೇ. ಶುಕ್ರವಾರ ಇಲ್ಲವೇ ಶನಿವಾರ ಹೋಗಿ ನೋಡಿ. ಅದರಲ್ಲೂ ಕನ್ನಡದ ಸಣ್ಣ ಸಿನಿಮಾ ಆದರೆ ಮುಂದಿನ ವಾರ ನೋಡೋಣ ಅಂತ ಮಾತ್ರ ಅನ್ನಬೇಡಿ.

ಶಿವಮೊಗ್ಗದಂಥ ಊರಿನಲ್ಲಿ ಹೊಸ ಸಿನಿಮಾಕ್ಕೆ ಸಿಗುವುದು ಶುಕ್ರವಾರದಿಂದ ಭಾನುವಾರದವರೆಗಿನ ಮೂರೇ ದಿನ. ಮಾಲ್‌ನಲ್ಲಿ ಮಲ್ಟಿಪ್ಲೆಕ್ಸ್ ಇದೆ, ಹಳೆಯ ಸಿಂಗಲ್ ಸ್ಕ್ರೀನ್‌ಗಳು ಕೆಲವು ಉಳಿದಿವೆ. ಅದೇ ಶುಕ್ರವಾರ ತೆಲುಗಿನದ್ದೋ ಹಿಂದಿಯದ್ದೋ ದೊಡ್ಡ ಸಿನಿಮಾ ಬಂತು ಅಂದ್ರೆ ಸಂಜೆಯ ಶೋಗಳೆಲ್ಲ ಅದಕ್ಕೇ ಹೋಗುತ್ತವೆ, ಸಣ್ಣದಕ್ಕೆ ಬೆಳಗಿನ ಒಂದು ಶೋ, ಪುಣ್ಯ ಇದ್ದರೆ ಮ್ಯಾಟ್ನಿ. ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ ಬಿಡುವಾಗಿರುವವರು ಯಾರು ಹೇಳಿ? ಕ್ಲಾಸಿಗೆ ಚಕ್ಕರ್ ಹಾಕಿದ ಕಾಲೇಜು ಹುಡುಗರು, ಆಸ್ಪತ್ರೆ, ಕೋರ್ಟು ಅಂತ ಬಂದು ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಳಗೆ ಕೂತವರು. ಎರಡು ಮೂರು ವರ್ಷ ಕಷ್ಟಪಟ್ಟು ಮಾಡಿದ ಸಿನಿಮಾದ ಮೊದಲ ದಿನದ ಕಲೆಕ್ಷನ್ ಇವರ ಕೈಯಲ್ಲಿರುತ್ತದೆ.

ದುಡ್ಡಿನ ಲೆಕ್ಕವೂ ಹಾಗೇ ಇದೆ. ನಮ್ಮ ರಾಜ್ಯದ ಸಿಂಗಲ್ ಸ್ಕ್ರೀನ್‌ಗಳಲ್ಲಿ ಹಳೆಯ ಪದ್ಧತಿ ಬಾಡಿಗೆಯದ್ದು. ವಾರಕ್ಕೆ ಇಷ್ಟು ಅಂತ ವಿತರಕರು ಥಿಯೇಟರಿಗೆ ಕಟ್ಟಬೇಕು, ಜನ ಬರಲಿ ಬಿಡಲಿ. ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್ಟಿನ ದುಡ್ಡು ಹಂಚಿಕೊಳ್ಳುವ ಶೇರು ಪದ್ಧತಿ, ವಾರ ಕಳೆದ ಹಾಗೆ ನಿರ್ಮಾಪಕರ ಪಾಲು ಇಳಿಯುತ್ತದೆ. ಆದ್ದರಿಂದ ಮೊದಲ ವಾರದ ಟಿಕೆಟ್ಟಿಗೆ ಇರುವ ಬೆಲೆ ಮೂರನೇ ವಾರದ ಟಿಕೆಟ್ಟಿಗೆ ಇಲ್ಲ. ರೀಲಿನ ಕಾಲದಲ್ಲಿ ಪ್ರಿಂಟಿನ ಡಬ್ಬ ಬೆಂಗಳೂರಿನಲ್ಲಿ ಓಡಿ ಮುಗಿದ ಮೇಲೆ ಸಣ್ಣ ಊರುಗಳಿಗೆ ಬರುತ್ತಿತ್ತು, ಪೋಸ್ಟರ್ ನೋಡಿಕೊಂಡು ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಸಿನಿಮಾ ಹಾರ್ಡ್‌ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಮೊದಲೇ ಬಂದು ಕೂತಿರುತ್ತದೆ, ಅದನ್ನು ತೆರೆಯುವ ಡಿಜಿಟಲ್ ಕೀ ಬಂದರೆ ಬೆಂಗಳೂರಿನ ಜೊತೆಗೇ ಇಲ್ಲೂ ಶುರು. ತುಂಬಾ ಒಳ್ಳೆಯದಾಯ್ತು. ಆದರೆ ಬರುವುದು ಸುಲಭವಾದ ಹಾಗೆ ಹೋಗುವುದೂ ಸುಲಭವಾಗಿದೆ. ಜನ ಇಲ್ಲ ಅಂದ್ರೆ ಸೋಮವಾರ ಆ ಶೋ ಬೇರೆ ಸಿನಿಮಾದ್ದು.

ಗುರುವಾರದ ತೀರ್ಪನ್ನು ನಾನು ನಂಬದೇ ಇರುವುದಕ್ಕೆ 2025ರ ಜುಲೈ 25ರ ಶುಕ್ರವಾರವೇ ಸಾಕು. ಆ ವಾರದ ದೊಡ್ಡ ಸದ್ದು ಹಿಂದಿನ ದಿನವೇ ಬಂದಿದ್ದ ಪವನ್ ಕಲ್ಯಾಣ್ ಸಿನಿಮಾದ್ದು. ಶುಕ್ರವಾರ ಬಂದದ್ದು ಜೆ.ಪಿ. ತುಮಿನಾಡ್ ನಿರ್ದೇಶನದ ‘ಸು ಫ್ರಮ್ ಸೋ’, ಜೊತೆಗೆ ಅನಿಮೇಷನ್ ಸಿನಿಮಾ ‘ಮಹಾವತಾರ ನರಸಿಂಹ’. ಒಂದರಲ್ಲಿ ದೊಡ್ಡ ಸ್ಟಾರ್ ನಾಯಕ ಇಲ್ಲ, ಇನ್ನೊಂದರಲ್ಲಿ ನಟರೇ ಇಲ್ಲ. ಎರಡೂ ಸಣ್ಣದಾಗಿ ಶುರುವಾಗಿ, ನೋಡಿದವರ ಬಾಯಿಮಾತಿನಿಂದಲೇ ಬೆಳೆದು, 100 ಕೋಟಿ ದಾಟಿದವು. ಮೊದಲ ಎರಡು ದಿನ ಹೋದವರು ಮನೆಗೆ ಬಂದು ಸುಮ್ನೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ?

ಎಲ್ಲದಕ್ಕೂ ಆ ಅದೃಷ್ಟ ಇಲ್ಲ. 2024ರ ಫೆಬ್ರವರಿಯಲ್ಲಿ ಬಂದ ‘ಶಾಖಾಹಾರಿ’ ನಮ್ಮ ತೀರ್ಥಹಳ್ಳಿಯಲ್ಲೇ ನಡೆಯುವ ಕತೆ. ಸಸ್ಯಾಹಾರಿ ಹೋಟೆಲ್ ನಡೆಸುವವನಾಗಿ ರಂಗಾಯಣ ರಘು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಆದರೆ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಒಟಿಟಿಗೆ ಬಂದ ಮೇಲೆ. ಥಿಯೇಟರಲ್ಲಿದ್ದಾಗ ಯಾಕೆ ಹೇಳಲಿಲ್ಲ ಅಂತ ಈಗಲೂ ಕೇಳುತ್ತಾರೆ. ನಮ್ಮದೇ ಜಿಲ್ಲೆಯ ಕತೆಗೆ ಹೀಗಾದರೆ ನನಗೆ ಬೇಜಾರಾಗುತ್ತದೆ.

ಹೊಸ ಸಿನಿಮಾದ ಬಗ್ಗೆ ನನಗೆ ಮೊದಲ ಅಭಿಪ್ರಾಯ ಮೂಡುವುದು ಚಿಕ್ಕ ಚಿಕ್ಕ ವಿಷಯಗಳಿಂದ. ಮಲೆನಾಡಿನಲ್ಲಿ ತೆಗೆದದ್ದಾದರೆ ಮೊದಲು ಮಳೆ ನೋಡುತ್ತೇನೆ. ಬಾಡಿಗೆ ಮಳೆ ಕ್ಯಾಮೆರಾ ಮುಂದೆ ನೆಟ್ಟಗೆ ಬೀಳುತ್ತದೆ, ಹಿಂದಿನ ಅಂಗಳ ಒಣಗಿರುತ್ತದೆ, ದೂರದ ಗುಡ್ಡದ ಮೇಲೆ ಬಿಸಿಲು. ಆಷಾಢದ ಮಳೆ ಹಾಗೆ ಬೀಳುತ್ತಾ? ಗಾಳಿಗೆ ಓರೆಯಾಗಿ ಬಂದು ಜಗಲಿಗೆಲ್ಲ ಎರಚಲು ಹೊಡೆಯುತ್ತದೆ. ಅದಕ್ಕೇ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಈಗ ನೀಲಿ ಟಾರ್ಪಾಲು. ಬಟ್ಟೆ ಒಣಗದೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕಿರುತ್ತಾರೆ, ತೊಟ್ಟರೆ ಹೊಗೆ ವಾಸನೆ. ಅಂಥದ್ದೊಂದು ಶಾಟ್ ಕಂಡರೆ ಸಾಕು, ಈ ನಿರ್ದೇಶಕ ಇಲ್ಲಿ ಇದ್ದು ನೋಡಿದ್ದಾನೆ ಅಂತ ನನ್ನ ಮನಸ್ಸು ಒಪ್ಪಿಬಿಡುತ್ತದೆ, ಮುಂದೆ ಕತೆ ಸ್ವಲ್ಪ ಎಳೆದರೂ ಕೂತು ನೋಡುತ್ತೇನೆ. ಮಲೆನಾಡು ಅಂದ್ರೆ ಮಂಜು, ಒಂಟಿ ಮನೆ, ಒಂದು ಕೊಲೆ ಅಂತ ಮಾಡಿಟ್ಟ ಟ್ರೇಲರ್‌ಗಳು ಜಾಸ್ತಿಯಾಗಿವೆ. ಕೊಲೆ ಬೇಡ ಅನ್ನುತ್ತಿಲ್ಲ. ಅಡಿಕೆ ಗೊನೆ ಕೊಯ್ಲಿನ ಹೊತ್ತಿನಲ್ಲಿ ರಾತ್ರಿ ಅಡಿಕೆ ಸುಲಿಯುತ್ತಾ ಕೂತ ಹೆಂಗಸರು ಮಾತಾಡುವುದನ್ನು ಯಾರಾದರೂ ಇದ್ದ ಹಾಗೇ ತೋರಿಸಲಿ, ಎಷ್ಟು ಕತೆ ಸಿಗುತ್ತವೆ.

ಇನ್ನೊಂದು, ಇಂಟರ್‌ವಲ್. ಆಗ ನಾನು ಫೋನ್ ನೋಡುವುದಿಲ್ಲ, ಜನರನ್ನು ನೋಡುತ್ತೇನೆ. ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತವರು ಸಿನಿಮಾದ ಬಗ್ಗೆಯೇ ಮಾತಾಡುತ್ತಿದ್ದಾರಾ, ಬೇರೆ ಏನಾದರೂನಾ? ಮುಂದೇನಾಗುತ್ತೆ ಅಂತ ಇಬ್ಬರು ಹುಡುಗರು ಪಣ ಕಟ್ಟಿಕೊಳ್ಳುತ್ತಿದ್ದರೆ, ಟೀ ಅರ್ಧಕ್ಕೇ ಬಿಟ್ಟು ಒಳಗೆ ಓಡುವವರಿದ್ದರೆ, ಆ ಸಿನಿಮಾ ಗೆದ್ದ ಹಾಗೆಯೇ. ಇಷ್ಟು ಸ್ಟಾರ್, ಅಷ್ಟು ಸ್ಟಾರ್ ಅನ್ನುವ ವಿಮರ್ಶೆಗಿಂತ ನನಗೆ ಇದು ಮುಖ್ಯ.

ಟಿಕೆಟ್ ರೇಟಿನ ಮಾತೂ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ಸೇರಿಸದೆ 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆಯವರು ತಿಂಗಳಿಗೆ ಒಂದೇ ಸಿನಿಮಾ ನೋಡುವುದಾದರೆ ದೊಡ್ಡದನ್ನೇ ಆರಿಸುತ್ತಾರೆ, ಅವರದ್ದು ತಪ್ಪು ಅನ್ನಲು ಆಗುವುದಿಲ್ಲ. 100 ರೂಪಾಯಿವರೆಗಿನ ಟಿಕೆಟ್ಟಿಗೆ ಈಗ ಜಿಎಸ್‌ಟಿ 5 ಪರ್ಸೆಂಟ್ ಮಾತ್ರ. ಸಣ್ಣ ಸಿನಿಮಾದವರು ಮೊದಲ ಮೂರು ದಿನ ಆ ರೇಟಿಗೇ ಕೊಟ್ಟು ನೋಡಬೇಕು ಅಂತ ನನ್ನ ಆಸೆ.

ಹೋಗಿ ಬಂದವರಲ್ಲಿ ಒಂದು ಕೇಳಿಕೆ. ‘ಒಂದು ಸಲ ನೋಡಬಹುದು’ ಅಂತ ಹೇಳಿ ಬಿಡಬೇಡಿ, ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗಬಹುದಾ, ಮಕ್ಕಳು ಹೆದರುತ್ತಾರಾ, ಮಾತು ಸ್ಪಷ್ಟವಾಗಿ ಕೇಳಿಸುತ್ತಾ, ಎಷ್ಟು ಹೊತ್ತಿಗೆ ಬಿಡುತ್ತದೆ, ಇಷ್ಟನ್ನು ಹೇಳಿ. ಹೊಸನಗರ, ತೀರ್ಥಹಳ್ಳಿ ಕಡೆಯವರು ಮ್ಯಾಟ್ನಿ ನೋಡಿ ಊರಿನ ಬಸ್ಸು ಹಿಡಿಯಬೇಕು, ಸಿನಿಮಾ ಎರಡೂಕಾಲು ಗಂಟೆಯದ್ದಾ, ಮೂರು ಗಂಟೆಯದ್ದಾ ಅನ್ನುವುದು ಅವರಿಗೆ ಮೊದಲೇ ಗೊತ್ತಾಗಬೇಕು. ನಾನು ಈ ಸಲ ಶುಕ್ರವಾರದ ಬೆಳಗಿನ ಶೋಗೇ ಹೋಗುತ್ತಿದ್ದೇನೆ. ಮಧ್ಯಾಹ್ನ ಫೋನ್ ಮಾಡಿ, ಹೇಗಿದೆ ಅಂತ ಹೇಳುತ್ತೇನೆ.