ಮೇಷ್ಟ್ರೇ, ಆ ಚಳೀಲಿ ನಂದಿಬೆಟ್ಟಕ್ಕೆ ಯಾಕೆ ಹೋಗ್ತೀರಿ?

ಡಿಸೆಂಬರ್ ಬಂದರೆ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಶುರು. "ಥರ್ಮಾಮೀಟರ್ ಹಿಡ್ಕೊಂಡು ಬೆಟ್ಟಕ್ಕೆ ಯಾಕೆ ಮೇಷ್ಟ್ರೇ? ಎಲ್ಲ ಪುಸ್ತಕದಲ್ಲೇ ಇದೆಯಲ್ಲಾ?"

ಪುಸ್ತಕದ ಲೆಕ್ಕ ತಪ್ಪುವುದನ್ನು ಹುಡುಗರು ನೋಡಲಿ ಅಂತಲೇ ಹೋಗುವುದು.

ನಮ್ಮ ಶಾಲೆ ಚಿಕ್ಕಬಳ್ಳಾಪುರದ ಕಡೆ, ಬೆಟ್ಟದ ಬುಡದಲ್ಲಿದೆ. ಬೆಟ್ಟದ ಎತ್ತರ 1478 ಮೀಟರ್, ನಮಗಿಂತ 500 ಮೀಟರಿಗೂ ಜಾಸ್ತಿ ಮೇಲೆ. ಸಾವಿರ ಮೀಟರ್ ಹತ್ತಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅನ್ನುತ್ತದೆ ಪಾಠ. ಆ ಪ್ರಕಾರ ಮೇಲೆ ಮೂರು ಡಿಗ್ರಿಗೂ ಜಾಸ್ತಿ ಕಡಿಮೆ ಇರಬೇಕು, ಅಲ್ವಾ?

ಎಲ್ಲರನ್ನೂ ಕರೆದುಕೊಂಡು ಹೋಗೋಣವೆಂದರೆ ಬಸ್ಸು, ಪರ್ಮಿಷನ್, ದುಡ್ಡು. ಭಾನುವಾರ ಹೋದರೆ ಗಾಡಿಗಳ ಸಾಲಲ್ಲೇ ಬೆಳಗಾಗುತ್ತದೆ. ಹಾಗಾಗಿ ವಾರದ ಮಧ್ಯೆ ಒಂದು ಸಿ.ಎಲ್. ಹಾಕಿ ಒಬ್ಬನೇ ಹೋಗುತ್ತೇನೆ. ಕೆಳಗೆ ಶಾಲೆಯ ಅಂಗಳದಲ್ಲಿ ಇನ್ನೊಂದು ಥರ್ಮಾಮೀಟರ್, ನಾಲ್ಕು ಮಕ್ಕಳು, ಯಾರದೋ ಅಮ್ಮನ ಫೋನು.

ಹೋದ ವರ್ಷ ಬೆಳಿಗ್ಗೆ ಏಳಕ್ಕೆ ಮೇಲಿಂದ ನೋಡಿದರೆ ಕಳವಾರ ಬೆಟ್ಟದ ತಲೆ ಬಿಟ್ಟು ಮಿಕ್ಕಿದ್ದೆಲ್ಲ ಬಿಳಿ. ಫೋನ್ ಮಾಡಿದೆ.

"ಇಲ್ಲಿ 13 ಸಾರ್. ಗೇಟೇ ಕಾಣ್ತಿಲ್ಲ."

ನನ್ನದು 15.

"ನಿಮ್ಮದು ಕೆಟ್ಟಿರಬೇಕು ಸಾರ್."

ಹಿಂದಿನ ದಿನ ಎರಡನ್ನೂ ಒಂದೇ ಬಕೆಟ್ ನೀರಲ್ಲಿ ಅದ್ದಿ, ಎರಡೂ ಒಂದೇ ತೋರಿಸ್ತಿವೆ ಅಂತ ಬರೆದುಕೊಂಡಿದ್ದವಳು ಅವಳೇ!

ಚಳಿಗಾಲದ ರಾತ್ರಿ ಉದ್ದ. ಆಕಾಶ ತಿಳಿಯಾಗಿದ್ದರೆ ನೆಲದ ಕಾವು ಬೇಗ ಹಾರಿಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಇಳಿಜಾರಲ್ಲಿ ನೀರಿನ ಹಾಗೆ ಜಾರಿ ತಗ್ಗಿನಲ್ಲಿ ಕೂರುತ್ತದೆ, ಅದರಲ್ಲಿರುವ ತೇವ ಮಂಜಾಗುತ್ತದೆ. ಮೇಲಿನ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತು ಅದನ್ನು ಏಳಲು ಬಿಡುವುದಿಲ್ಲ.

ಮರುದಿನ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ತಲೆ ಎತ್ತಿದ. ಅವನು ಸಾಮಾನ್ಯವಾಗಿ ಎತ್ತುವವನಲ್ಲ. "ಅದಕ್ಕೇನಾ ಸಾರ್, ನಮ್ಮಪ್ಪ ತಗ್ಗಿನ ದ್ರಾಕ್ಷಿ ತೋಟಕ್ಕೇ ಮೊದಲು ಔಷಧಿ ಹೊಡೆಯೋದು?" ಹೌದು. ಮಂಜಿಗೆ ಎಲೆ ಒದ್ದೆಯಾಗಿಯೇ ಉಳಿದರೆ ರೋಗ ಹತ್ತುತ್ತದೆ. ಅವರಪ್ಪನಿಗೆ ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ಅಂದಹಾಗೆ, ಅವತ್ತು ಹನ್ನೊಂದರ ಹೊತ್ತಿಗೆ ಬಿಸಿಲು ಬಿದ್ದು ಮಂಜು ಕರಗಿತ್ತು. ಕೆಳಗೆ 22, ಮೇಲೆ 19. ಪುಸ್ತಕ ಮತ್ತೆ ಸರಿ! ಪುಸ್ತಕದ್ದು ಸರಾಸರಿ ಲೆಕ್ಕ ಅಷ್ಟೇ.

"ಪರೀಕ್ಷೆಗೆ ಯಾವುದು ಬರೀಬೇಕು ಸಾರ್, ಏಳು ಗಂಟೆಯದಾ, ಹನ್ನೊಂದು ಗಂಟೆಯದಾ?" ಎಂದಳು ಬಕೆಟ್ ಹುಡುಗಿ.

ಪುಸ್ತಕದ್ದೇ ಬರಿ, ಪಕ್ಕದಲ್ಲಿ ಟೈಮ್ ಹಾಕು ಅಂದೆ.