ಕರುಳಿನ ಸ್ನಾಯುಕೋಶದ ಗಣಕ ಮಾದರಿ: ಪೊಟ್ಯಾಸಿಯಂ ಮುಗಿದು ಬೇರಿಯಂಗೆ ಬಂದಿದ್ದೇನೆ

ಕರುಳಿನ ಗೋಡೆಯ ಅನೈಚ್ಛಿಕ ಸ್ನಾಯುವಿನ ಒಂದೇ ಒಂದು ಜೀವಕೋಶವನ್ನು ಸಮೀಕರಣಗಳಲ್ಲಿ ಕಟ್ಟಿ, ಹೊರಗಿನ ಲೋಹದ ಅಯಾನುಗಳನ್ನು ಏರಿಳಿಸಿದಾಗ ಅದರ ಸಂಕೋಚನ ಹೇಗೆ ಬದಲಾಗುತ್ತದೆ ಎಂದು ನೋಡುವ ಈ ಹವ್ಯಾಸದ ಕೆಲಸದಲ್ಲಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಭಾಗಗಳು ಈಗ ಹದಕ್ಕೆ ಬಂದಿವೆ. ಬೇರಿಯಂ ಅರ್ಧದಲ್ಲಿದೆ, ಮೆಗ್ನೀಸಿಯಂ ಇನ್ನೂ ಬಾಕಿಯಿದೆ.

ಹೊರದ್ರವಕ್ಕೆ, ಪ್ರಯೋಗಗಳಲ್ಲಿ ಅಂಗಾಂಶವನ್ನು ಜೀವಂತವಾಗಿಡುವ ಲವಣನೀರಾದ ಟೈರೋಡ್ ದ್ರಾವಣದ ರೂಢಿಯ ಅಳತೆಗಳನ್ನೇ ಇಟ್ಟುಕೊಂಡಿದ್ದೇನೆ: ಸೋಡಿಯಂ ಕ್ಲೋರೈಡ್ 137, ಪೊಟ್ಯಾಸಿಯಂ 2.7, ಕ್ಯಾಲ್ಸಿಯಂ 1.8, ಮೆಗ್ನೀಸಿಯಂ ಸುಮಾರು 1 ಮಿಲಿಮೋಲಾರ್. ವಿರೇಚಕ ಲವಣಗಳ ಕುರಿತ 1910ರ ಅಧ್ಯಯನದಿಂದ ಬಂದ ದ್ರಾವಣವಿದು. ಕರುಳಿನ ಪ್ರಶ್ನೆಗೆ ಕರುಳಿಗಾಗಿಯೇ ಹುಟ್ಟಿದ ದ್ರಾವಣದಿಂದ ಆರಂಭಿಸುವುದು ಸರಿಯೆನಿಸಿತು.

ಹೊರಗಿನ ಪೊಟ್ಯಾಸಿಯಂ 2.7 ಇದ್ದು ಒಳಗೆ 140 ಇದ್ದರೆ, ನರ್ನ್‌ಸ್ಟ್ ಸಮೀಕರಣದ ಪ್ರಕಾರ 37 ಡಿಗ್ರಿಯಲ್ಲಿ ಅದರ ಸಮತೋಲನ ವಿಭವ (ಅದರ ಒಳಹರಿವು ಹೊರಹರಿವು ಸಮನಾಗುವ ವೋಲ್ಟೇಜ್) ಸುಮಾರು ಮೈನಸ್ 105 ಮಿಲಿವೋಲ್ಟ್; ಹೊರಗಿನದನ್ನು 60ಕ್ಕೆ ಏರಿಸಿದರೆ ಅದು ಮೈನಸ್ 23ರ ಹತ್ತಿರ ಬರುತ್ತದೆ. ಹಾಗೆ ಏರಿಸುವಾಗ ಅಷ್ಟೇ ಪ್ರಮಾಣದ ಸೋಡಿಯಂ ಅನ್ನು ಇಳಿಸಿದ್ದೇನೆ, ಇಲ್ಲವಾದರೆ ಪರಾಸರಣ ಒತ್ತಡದ ಪರಿಣಾಮವೂ ಫಲಿತಾಂಶದಲ್ಲಿ ಬೆರೆತುಬಿಡುತ್ತದೆ. ಇದರೊಂದಿಗೆ ಪೊರೆಯ ವಿಭವ (ಕೋಶದ ಒಳಗೂ ಹೊರಗೂ ಇರುವ ವೋಲ್ಟೇಜ್ ವ್ಯತ್ಯಾಸ) ಮೇಲೇರಿದಾಗ, ವೋಲ್ಟೇಜ್ ಬದಲಾವಣೆಗೆ ಸ್ಪಂದಿಸುವ ಎಲ್ ಮಾದರಿಯ ಕ್ಯಾಲ್ಸಿಯಂ ಕಾಲುವೆಗಳು ತೆರೆಯುತ್ತವೆ. ಒಳಗೆ 100 ನ್ಯಾನೋಮೋಲಾರ್‌ನಷ್ಟಿದ್ದ ಮುಕ್ತ ಕ್ಯಾಲ್ಸಿಯಂ ಒಂದು ಮೈಕ್ರೋಮೋಲಾರ್‌ನತ್ತ ಏರಿ, ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್ ಆದ ಕ್ಯಾಲ್ಮಾಡ್ಯುಲಿನ್‌ಗೆ ಅಂಟುತ್ತದೆ. ಆ ಜೋಡಿ ಚುರುಕುಗೊಳಿಸಿದ ಕೈನೇಸ್ ಕಿಣ್ವವು ಬಲ ಹುಟ್ಟಿಸುವ ಪ್ರೋಟೀನ್ ಆದ ಮಯೋಸಿನ್‌ಗೆ ಫಾಸ್ಫೇಟ್ ಸೇರಿಸಿದ ಮೇಲೆಯೇ ಕೋಶ ಬಿಗಿಯುತ್ತದೆ. ಅಸ್ಥಿಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹಿಡಿದು ಸಂಕೋಚನ ಆರಂಭಿಸುವ ಟ್ರೋಪೋನಿನ್ ಪ್ರೋಟೀನ್ ಇಲ್ಲಿಲ್ಲದ ಕಾರಣ ಬಲದ ಭಾಗವನ್ನು ಬೇರೆಯಾಗಿಯೇ ಬರೆಯಬೇಕಾಯಿತು. ಮಾದರಿಯಲ್ಲಿ ಬಲದ ರೇಖೆ ಮೊದಲು ಚೂಪಾಗಿ ಏರಿ, ಬಳಿಕ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗಿನ ಕ್ಯಾಲ್ಸಿಯಂ ಅನ್ನು ತೆಗೆದುಹಾಕಿದರೆ ಅದೇ ಪೊಟ್ಯಾಸಿಯಂ ಏನನ್ನೂ ಮಾಡುವುದಿಲ್ಲ. ಈ ಎರಡು ರೇಖೆಗಳನ್ನು ಒಟ್ಟಿಗೆ ನೋಡಿದಾಗ ನನಗೆ ನಿಜವಾದ ಸಂತೋಷವಾಯಿತು, ಏಕೆಂದರೆ ಪೊಟ್ಯಾಸಿಯಂ ಸ್ನಾಯುವನ್ನು ಬಿಗಿಸುವುದಿಲ್ಲ, ಕ್ಯಾಲ್ಸಿಯಂಗೆ ದಾರಿ ಬಿಡಿಸುತ್ತದೆ ಅಷ್ಟೇ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಬೇರಿಯಂ ಹೆಚ್ಚು ತೊಡಕಿನದು. ಅದು ಪೊಟ್ಯಾಸಿಯಂ ಕಾಲುವೆಗಳನ್ನು ಮುಚ್ಚಿ ಪೊರೆಯ ವಿಭವವನ್ನು ಏರಿಸುತ್ತದೆ; ಈ ಭಾಗವನ್ನು ಬರೆದಾಗಿದೆ. ಆದರೆ ಕ್ಯಾಲ್ಸಿಯಂ ಕಾಲುವೆಯ ಮೂಲಕ ತಾನೂ ಒಳಗೆ ಹರಿಯುತ್ತದೆ. ಒಳಬಂದ ಕ್ಯಾಲ್ಸಿಯಂ ತನ್ನ ಕಾಲುವೆಯನ್ನು ತಾನೇ ಬೇಗ ಮುಚ್ಚಿಸಿದರೆ, ಬೇರಿಯಂ ಆ ಕೆಲಸವನ್ನು ಬಹಳ ದುರ್ಬಲವಾಗಿ ಮಾಡುವುದರಿಂದ ಪ್ರವಾಹ ಹೆಚ್ಚು ಹೊತ್ತು ಉಳಿಯುತ್ತದೆ. ಹೀಗಾಗಿ ಕ್ಯಾಲ್ಸಿಯಂನ ಸಮೀಕರಣದಲ್ಲಿ ಸಂಖ್ಯೆ ಬದಲಿಸಿದರೆ ಸಾಲದು, ಕಾಲುವೆ ಮುಚ್ಚುವ ಕ್ರಿಯೆಯನ್ನೇ ಎರಡು ಅಯಾನುಗಳಿಗೆ ಬೇರೆ ಬೇರೆಯಾಗಿ ಬರೆಯಬೇಕು. ಸದ್ಯ ಅದನ್ನೇ ಮಾಡುತ್ತಿದ್ದೇನೆ.

ಮೆಗ್ನೀಸಿಯಂನಲ್ಲಿ ಹೊರಗಿನ ಪ್ರಮಾಣವನ್ನು ಮಾತ್ರ ಬದಲಿಸುವೆನು. ಹೊರಗೆ ಅದು ಕ್ಯಾಲ್ಸಿಯಂನ ಒಳಹರಿವಿಗೆ ಅಡ್ಡಿಯಾಗುತ್ತದೆ. ಒಳಗೆ, ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಬಳಕೆಗೆ ಬರುವುದೇ ಮೆಗ್ನೀಸಿಯಂ ಜೊತೆಗೂಡಿದಾಗ, ಆದ್ದರಿಂದ ಒಳಗಿನದನ್ನು ಸೊನ್ನೆ ಮಾಡಿದ ಕೋಶದಿಂದ ಏನನ್ನೂ ತಿಳಿಯಲಾಗದು. ಕರುಳಿನ ಲಯ ನಿಯಂತ್ರಿಸುವ ಕಹಾಲ್ ಕೋಶಗಳು ಹುಟ್ಟಿಸುವ ನಿಧಾನ ವಿದ್ಯುತ್ ಅಲೆಗಳನ್ನು ಆ ಬಳಿಕವೇ ಸೇರಿಸುವೆನು.